ದಿನದ ಬಾಳಿನಲ್ಲಿ ದೇವರ ಜೊತೆ: ಮೈಸೂರು, ಮಂಡ್ಯ ಕಡೆಯ ಕ್ರೈಸ್ತರಿಗೆ ಒಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಚರ್ಚಿಗೆ ಹೋಗುತ್ತೇವೆ. ಊಟಕ್ಕೆ ಮುಂಚೆ ಕಣ್ಣು ಮುಚ್ಚುತ್ತೇವೆ. ಮಕ್ಕಳ ಪರೀಕ್ಷೆ, ಆಪರೇಷನ್ನು, ಸೈಟಿನ ತಕರಾರು ಬಂದಾಗ ಪ್ರಾರ್ಥನೆ ಜಾಸ್ತಿ ಆಗುತ್ತದೆ. ಉಳಿದ ದಿನಗಳಲ್ಲಿ ದೇವರು ಮನೆಯಲ್ಲೇ ಇದ್ದರೂ ಮಾತುಕತೆ ಇಲ್ಲ. ನಮ್ಮಲ್ಲಿ ಬಹಳ ಜನರ ಕಥೆ ಇದೇ ಅಲ್ವಾ?

ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ಇನ್ನೂ ಜಾಸ್ತಿ ಹೊತ್ತು ಪ್ರಾರ್ಥಿಸಿ. ನನಗೆ ಹಾಗನ್ನಿಸುವುದಿಲ್ಲ. ಅರ್ಧ ಗಂಟೆ ಪ್ರಾರ್ಥಿಸಿ ಎದ್ದವರನ್ನು ಕೇಳಿ ನೋಡಿ. ರಾತ್ರಿಯೆಲ್ಲ ನಿದ್ದೆ ಕೆಡಿಸಿದ ಸಾಲದ ಮಾತು ಆ ಅರ್ಧ ಗಂಟೆಯಲ್ಲಿ ಒಂದು ಸಲವೂ ಬಂದಿರುವುದಿಲ್ಲ. ನಾದಿನಿ ಮೇಲಿನ ಸಿಟ್ಟೂ ಬಂದಿರುವುದಿಲ್ಲ. ನಾವು ನಿಜವಾಗಿ ಬದುಕುವ ದಿನ ಬಾಗಿಲ ಹೊರಗೇ ನಿಂತಿರುತ್ತದೆ. ಅದನ್ನು ಒಳಗೆ ಕರೆದುಕೊಂಡು ಬರುವ ದಾರಿಗಳನ್ನೇ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಕಥೋಲಿಕರಿಗೂ ಸಿ.ಎಸ್.ಐ.ನವರಿಗೂ (ಚರ್ಚ್ ಆಫ್ ಸೌತ್ ಇಂಡಿಯಾ) ಬೇರೆ ಸಭೆಯವರಿಗೂ ಆಗುವಂಥವು. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ಮೂರು ಹೆಜ್ಜೆ ಒಂದೆರಡು ತಿಂಗಳು ನಡೆಯಲಿ, ಆಮೇಲೆ ಉಳಿದದ್ದು.

ಹೆಜ್ಜೆ 1: ಹೊತ್ತು ಮತ್ತು ಜಾಗ

ಬೆಳಗಿನ ಜಾವ ನಾಲ್ಕಕ್ಕೆ ಎದ್ದರೇ ಭಕ್ತಿ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಜನ ಇಲ್ಲದ ಕಡೆ ಹೋಗಿ ಪ್ರಾರ್ಥಿಸಿದರು ಅಂತ ಮಾರ್ಕನ ಮೊದಲ ಅಧ್ಯಾಯದಲ್ಲಿದೆ, ನಿಜ. ಹನ್ನೆರಡು ಜನ ಶಿಷ್ಯರನ್ನು ಆರಿಸುವ ಮುಂಚೆ ಇಡೀ ರಾತ್ರಿ ಬೆಟ್ಟದಲ್ಲಿ ಪ್ರಾರ್ಥನೆಯಲ್ಲಿ ಕಳೆದರು ಅಂತ ಲೂಕ ಬರೆದಿದ್ದಾನೆ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಗಡಿಯಾರದ ವಿಷಯದಲ್ಲಿ ಬೈಬಲ್ ಒಂದೇ ನಿಯಮ ಹಾಕಿಲ್ಲ.

ನಿಮ್ಮ ದಿನ ಹೇಗಿದೆ ಅಂತ ಮೊದಲು ನೋಡಿ. ಮಂಡ್ಯದ ಹಳ್ಳಿಯಲ್ಲಿ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟು ರಾತ್ರಿ ಬಂದರೆ ಕಬ್ಬಿಗೆ ನೀರು ಕಟ್ಟಲು ರಾತ್ರಿಯೇ ಹೋಗಬೇಕು. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು ತಿಂಡಿ, ಊಟದ ಡಬ್ಬಿ ಎಲ್ಲ ಮುಗಿಸಿ ಬೆಳಿಗ್ಗೆಯೇ ವ್ಯಾನ್ ಹತ್ತಬೇಕು. ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಸೀಟು ಸಿಕ್ಕಿದ ಮೇಲಿನ ಹೊತ್ತೇ ಶಾಂತಿಯ ಹೊತ್ತು. ಇವರಿಗೆಲ್ಲ ಒಂದೇ ವೇಳಾಪಟ್ಟಿ ಕೊಟ್ಟರೆ ಹೇಗೆ ಆಗುತ್ತದೆ?

ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷವನ್ನು ದಿನಾ ತಪ್ಪದೇ ಮಾಡುವ ಯಾವುದಾದರೂ ಕೆಲಸಕ್ಕೆ ತಗಲಿಸಿ: ಬೆಳಗಿನ ಕಾಫಿ ಆದ ಕೂಡಲೇ, ಹಾಲು ಡೈರಿಗೆ ಹಾಕಿ ಬಂದ ಮೇಲೆ, ಅಂಗಡಿ ಷಟರ್ ಎತ್ತುವ ಮುಂಚೆ. ‘ಬಿಡುವಾದಾಗ ಮಾಡ್ತೀನಿ’ ಅಂದರೆ ಬಿಡುವು ಆಗುವುದೇ ಇಲ್ಲ.

ಜಾಗವೂ ಒಂದೇ ಇರಲಿ. ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಅಂತ ಯೇಸು ಹೇಳಿದ್ದಾರೆ. ಎರಡು ಕೋಣೆಯಲ್ಲಿ ಆರು ಜನ ಇರುವ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಹೊರಗಿಂದ ತಟ್ಟುತ್ತಾರೆ. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ತಾಯಿ ಸುಸಾನಾ ಮನೆ ತುಂಬ ಮಕ್ಕಳ ನಡುವೆ ಏಪ್ರನ್ನನ್ನು ತಲೆ ಮೇಲೆ ಎಳೆದುಕೊಂಡು ಕೂತು ಪ್ರಾರ್ಥಿಸುತ್ತಿದ್ದರಂತೆ. ಅಮ್ಮ ಹಾಗೆ ಕೂತರೆ ಮಕ್ಕಳು ಮಾತಾಡಿಸುವಂತಿಲ್ಲ. ನಮ್ಮ ಹೆಂಗಸರಿಗೆ ಸೆರಗಿದೆ. ಗಂಡಸರಿಗೆ ತಾರಸಿ, ಗದ್ದೆ ಬದು, ನಿಲ್ಲಿಸಿದ ಆಟೋ. ಮೈಸೂರಿನಲ್ಲಿದ್ದು ನಡೆಯುವ ಅಭ್ಯಾಸ ಇದ್ದರೆ ಕುಕ್ಕರಹಳ್ಳಿ ಕೆರೆ ಏರಿಯೂ ಆದೀತು. ಮೊಬೈಲ್ ಮಾತ್ರ ಬೇರೆ ಕಡೆ ಇರಲಿ. ಬೈಬಲ್ ಆ್ಯಪ್‌ನಲ್ಲೇ ಓದುವವರು ಡೇಟಾ ಆಫ್ ಮಾಡಿ ಕೂರಿ. ಒಂದು ಸಾಲು ಓದುವಷ್ಟರಲ್ಲಿ ವಾಟ್ಸಾಪ್ ಮೆಸೇಜು ಬಂತೋ, ಆವತ್ತಿನ ಧ್ಯಾನ ಅಲ್ಲಿಗೆ ಮುಗಿಯಿತು.

ಹೆಜ್ಜೆ 2: ಓದು, ಆದರೆ ಓಡಬೇಡಿ

ಬಹಳ ಜನ ಜನವರಿ ಒಂದಕ್ಕೆ ಆದಿಕಾಂಡದಿಂದ ಶುರು ಮಾಡುತ್ತಾರೆ. ಯಾಜಕಕಾಂಡದ ಹೊತ್ತಿಗೆ ನಿಲ್ಲಿಸುತ್ತಾರೆ. ಪ್ರೊಟೆಸ್ಟಂಟರ 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ ಅಧ್ಯಾಯ ಓದಬೇಕು. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಲೆಕ್ಕ ಇನ್ನೂ ಏರುತ್ತದೆ. ಅಭ್ಯಾಸ ಇದ್ದವರಿಗೆ ಅದು ಒಳ್ಳೆಯದೇ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಮಾರ್ಕನ ಸುವಾರ್ತೆ. ಹದಿನಾರೇ ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ಜೊತೆಗೆ ದಿನಕ್ಕೊಂದು ಕೀರ್ತನೆ.

ಯಾವ ಅನುವಾದ? ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಬಳ್ಳಾರಿಯಲ್ಲಿ ಮಾಡಿದ ಕನ್ನಡ ಬೈಬಲ್ 1831ರಲ್ಲಿ ಪೂರ್ತಿಯಾಯಿತು. ಆಮೇಲೆ ಎಷ್ಟೋ ಸಲ ತಿದ್ದುಪಡಿ, ಹೊಸ ಅನುವಾದ ಎಲ್ಲ ಆಗಿದೆ. ಚರ್ಚಿನಲ್ಲಿ ಕೇಳಿ ಬೆಳೆದ ಹಳೆಯ ಸತ್ಯವೇದದ ಮಾತುಗಳು ಬಾಯಿಪಾಠಕ್ಕೆ ಚೆನ್ನ. ಅರ್ಥ ಮಾಡಿಕೊಂಡು ಓದಲು ಸರಳ ಕನ್ನಡದ ಅನುವಾದ ಸಲೀಸು. ಎರಡೂ ಪಕ್ಕದಲ್ಲಿರಲಿ. ಓದಲು ಬಾರದ ಅಜ್ಜಿ, ಕಣ್ಣು ಮಂಜಾದ ತಾತ ಮನೆಯಲ್ಲಿದ್ದರೆ ಆಡಿಯೋ ಬೈಬಲ್ ಹಾಕಿಕೊಡಿ, ಇಲ್ಲವೇ ಮೊಮ್ಮಗಳ ಕೈಲಿ ಓದಿಸಿ. ಓದಿದವಳಿಗೂ ಲಾಭ.

ಇನ್ನು ಓದುವ ರೀತಿ. ಹನ್ನೆರಡನೇ ಶತಮಾನದಲ್ಲಿ ಫ್ರಾನ್ಸಿನ ಮಠದಲ್ಲಿದ್ದ ಎರಡನೇ ಗ್ವಿಗೋ ಎಂಬ ಸನ್ಯಾಸಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದುವುದು, ಮನನ ಮಾಡುವುದು, ಪ್ರಾರ್ಥಿಸುವುದು, ಸುಮ್ಮನೆ ದೇವರ ಮುಂದೆ ಇರುವುದು. ಬರೀ ಹೆಸರು ಹೇಳಿದರೆ ಏನೂ ತಿಳಿಯುವುದಿಲ್ಲ. ಒಂದು ಭಾಗ ತೆಗೆದುಕೊಂಡು ನೋಡೋಣ.

ಮಾರ್ಕ 10ನೇ ಅಧ್ಯಾಯ, 46ರಿಂದ 52ನೇ ವಚನ. ಯೆರಿಕೋ ಊರಿನ ದಾರಿ ಬದಿಯಲ್ಲಿ ಬಾರ್ತಿಮಾಯ ಎಂಬ ಕುರುಡ ಭಿಕ್ಷೆಗೆ ಕೂತಿದ್ದಾನೆ. ಯೇಸು ಬರುತ್ತಿದ್ದಾರೆ ಅಂತ ಕೇಳಿ ಕೂಗುತ್ತಾನೆ. ಜನ ಗದರಿಸುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಲ್ಲುತ್ತಾರೆ.

ಮೊದಲ ಸಲ ಸುಮ್ನೆ ಕಥೆ ಓದಿ. ಎರಡನೇ ಸಲ ಬಾಯಿಬಿಟ್ಟು, ನಿಧಾನವಾಗಿ. ಯಾವ ಕಡೆ ಮನಸ್ಸು ನಿಂತಿತು ಅಂತ ಗಮನಿಸಿ. ಒಬ್ಬರಿಗೆ ಗದರಿಸಿದ ಜನ ಕಾಣಬಹುದು. ‘ನಿನ್ನಂಥವನಿಗೆ ಯಾಕೆ’ ಅಂತ ನಮಗೂ ಎಷ್ಟು ಜನ ಹೇಳಿಲ್ಲ? ಇನ್ನೊಬ್ಬರಿಗೆ ಅವನು ಎಸೆದ ಬಟ್ಟೆ ಕಾಣಬಹುದು. ಯೇಸು ಕರೆದಾಗ ಅವನು ಮೇಲುಹೊದಿಕೆ ಬಿಸಾಕಿ ಎದ್ದ. ಭಿಕ್ಷುಕನ ಹತ್ತಿರ ಇದ್ದ ಆಸ್ತಿ ಎಷ್ಟಿರುತ್ತದೆ? ಚಳಿಗೆ ಅದೇ, ಹಾಸಿಗೆಗೂ ಅದೇ. ಕಣ್ಣು ಇನ್ನೂ ಬಂದಿಲ್ಲ, ಎಸೆದದ್ದನ್ನು ಮತ್ತೆ ಹುಡುಕುವುದು ಹೇಗೆ ಅನ್ನುವ ಯೋಚನೆಯೂ ಇಲ್ಲ.

ನನ್ನ ಮನಸ್ಸು ನಿಲ್ಲುವುದು ಯೇಸು ಕೇಳುವ ಪ್ರಶ್ನೆಯಲ್ಲಿ. ‘ನಾನು ನಿನಗೆ ಏನು ಮಾಡಬೇಕು ಅಂತೀಯ?’ ಕುರುಡನನ್ನು ಕೇಳುವ ಪ್ರಶ್ನೆಯೇ ಇದು? ಆದರೆ ಇದೇ ಅಧ್ಯಾಯದ 36ನೇ ವಚನಕ್ಕೆ ಹಿಂದೆ ಹೋಗಿ. ಶಿಷ್ಯರಾದ ಯಾಕೋಬ, ಯೋಹಾನ ಬಂದು ನಮಗೊಂದು ಆಗಬೇಕು ಅಂದಾಗ ಯೇಸು ಅವರನ್ನೂ ಇದೇ ಪ್ರಶ್ನೆ ಕೇಳಿದ್ದಾರೆ. ಅವರು ಕೇಳಿದ್ದು ಬಲಗಡೆ ಎಡಗಡೆ ದೊಡ್ಡ ಸ್ಥಾನ. ಅದು ಸಿಗಲಿಲ್ಲ. ಕುರುಡ ಕೇಳಿದ್ದು ಕಣ್ಣು. ಅದು ಸಿಕ್ಕಿತು. ಮಾರ್ಕ ಎರಡೂ ಪ್ರಸಂಗವನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದಾನೆ. ದಿನಕ್ಕೆ ಮೂರು ಅಧ್ಯಾಯ ಓಡಿಸುವವರಿಗೆ ಇದು ಕಣ್ಣಿಗೆ ಬೀಳುವುದು ಕಷ್ಟ.

ಮೂರನೆಯ ಮೆಟ್ಟಿಲು, ಆ ಪ್ರಶ್ನೆಗೆ ನೀವು ಉತ್ತರ ಕೊಡುವುದು. ಪುಸ್ತಕ ಮಡಿಲಲ್ಲಿ ಇಟ್ಟುಕೊಳ್ಳಿ. ಯೇಸು ನಿಮ್ಮನ್ನೇ ಕೇಳಿದರು ಅಂದುಕೊಳ್ಳಿ. ‘ಏನು ಬೇಕು?’ ಬಾಯಿಗೆ ಬಂದ ಮೊದಲ ಉತ್ತರ ಹೇಳಿ. ಅದು ದೊಡ್ಡ ಸ್ಥಾನದ ಆಸೆಯೇ ಆಗಿದ್ದರೂ ಹೇಳಿ. ಯಾಕೋಬ ಯೋಹಾನರನ್ನು ಅವರೇನೂ ಓಡಿಸಲಿಲ್ಲ, ಕೂರಿಸಿಕೊಂಡು ಮಾತಾಡಿದರು. ನಾಲ್ಕನೆಯದು ಎರಡು ನಿಮಿಷ ಏನೂ ಮಾತಾಡದೇ ಕೂರುವುದು. ಮನಸ್ಸು ಅಲ್ಲಿ ಇಲ್ಲಿ ಹೋಗುತ್ತದೆ. ಗ್ಯಾಸ್ ಬುಕ್ ಮಾಡಬೇಕಿತ್ತು ಅಂತ ನೆನಪಾಗುತ್ತದೆ. ಆಗಲಿ. ಮತ್ತೆ ಆ ಒಂದು ಸಾಲಿಗೆ ವಾಪಸು ಬನ್ನಿ.

ಹತ್ತು ನಿಮಿಷದಲ್ಲಿ ಆರೇಳು ವಚನ ಮಾತ್ರ ಆಗುತ್ತದೆ, ಅಷ್ಟೇ ಸಾಕು. ಮನಸ್ಸು ನಿಂತ ಸಾಲನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ವ್ಯಾಖ್ಯಾನ ಬರೆಯಬೇಕಾಗಿಲ್ಲ.

ಹೆಜ್ಜೆ 3: ನಿಮ್ಮ ಮಾತಿನಲ್ಲೇ ಪ್ರಾರ್ಥಿಸಿ

ನಮ್ಮಲ್ಲಿ ಒಂದು ವಿಚಿತ್ರ ಇದೆ. ಮನೆಯಲ್ಲಿ ಅಚ್ಚ ಮಂಡ್ಯದ ಮಾತು. ಪ್ರಾರ್ಥನೆಗೆ ನಿಂತ ಕೂಡಲೇ ಪುಸ್ತಕದ ಕನ್ನಡ. ‘ಪರಮ ಕರುಣಾಳುವಾದ ದೇವರೇ, ನಿಮ್ಮ ಪಾದಸನ್ನಿಧಿಗೆ...’ ಸಭೆಯ ಮುಂದೆ ನಿಂತು ಹೇಳುವಾಗ ಅದು ಸರಿ. ಒಬ್ಬರೇ ಕೂತಾಗಲೂ ಹಾಗೇ ಮಾತಾಡಿದರೆ, ಆ ಭಾಷೆಯಲ್ಲಿ ಹೇಳಲು ಬರುವ ವಿಷಯಗಳನ್ನಷ್ಟೇ ಹೇಳುತ್ತೇವೆ. ಉಳಿದದ್ದು ಒಳಗೇ ಉಳಿಯುತ್ತದೆ.

ಕಬ್ಬು ಬೆಳೆಯುವ ಒಬ್ಬ ಮನುಷ್ಯ ಹೀಗೆ ಪ್ರಾರ್ಥಿಸಿದರೆ ತಪ್ಪೇನು?

‘ಅಪ್ಪಾ, ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ. ಸೊಸೈಟಿ ಸಾಲದ ಕಂತು ಕಟ್ಬೇಕು, ಮಗನ ಫೀಸೂ ಬಾಕಿ ಅದೆ. ರಾತ್ರಿ ನಿದ್ದೆ ಬತ್ತಾ ಇಲ್ಲ. ಬದು ವಿಷಯದಲ್ಲಿ ಅಣ್ಣನ ಮೇಲೆ ಸಿಟ್ಟದೆ, ಅದು ನಿಂಗೂ ಗೊತ್ತು. ಅವನ ಮಕ ನೋಡೋಕೂ ಮನಸ್ಸಿಲ್ಲ. ಅವನನ್ನ ಕ್ಷಮಿಸು ಅಂತೀಯ. ನಂಗೆ ಆಯ್ತಾ ಇಲ್ಲ. ಆಗೋ ಹಂಗೆ ಮಾಡು.’

ಇದರಲ್ಲಿ ಸ್ತುತಿ ಇಲ್ಲ, ಸ್ತೋತ್ರ ಇಲ್ಲ ಅಂತ ಕೆಲವರಿಗೆ ಮುಜುಗರ ಆಗಬಹುದು. ಅವರು ಕೀರ್ತನೆಗಳ ಪುಸ್ತಕ ತೆಗೆದು 13ನೆಯದನ್ನು ಓದಲಿ. ‘ಇನ್ನೆಷ್ಟು ದಿನ? ನನ್ನನ್ನು ಮರೆತೇಬಿಟ್ಟೆಯಾ?’ ಅಂತ ದೇವರನ್ನೇ ಕೇಳುವ ಪ್ರಾರ್ಥನೆ ಅದು. 150 ಕೀರ್ತನೆಗಳಲ್ಲಿ ಗೋಳು, ದೂರು, ಅಳಲು ತುಂಬಿದವು ಬೇಕಾದಷ್ಟಿವೆ. ದೇವರ ಮುಂದೆ ನಯವಾಗಿ ಮಾತ್ರ ಮಾತಾಡಬೇಕು ಅನ್ನುವುದು ನಾವು ಮಾಡಿಕೊಂಡ ನಿಯಮ.

ಮಾತು ಹೊರಡದವರಿಗೆ ಕರ್ತನ ಪ್ರಾರ್ಥನೆ ಇದೆ. ಬಾಯಿಪಾಠ ಇರುವುದರಿಂದ ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ದಿನಕ್ಕೆ ಅದರ ಒಂದೇ ಸಾಲು ತೆಗೆದುಕೊಂಡು ನೋಡಿ. ‘ಅನುದಿನದ ಆಹಾರ’ದ ಸಾಲಿಗೆ ಬಂದ ದಿನ ಆವತ್ತಿನ ಅಡುಗೆಮನೆ, ರೇಷನ್ನು, ಕೆಲಸ ಎಲ್ಲವನ್ನೂ ಹೇಳಿ. ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಅನ್ನುವ ದಿನ ಹೆಸರು ಹಿಡಿದು ಹೇಳಿ, ಯಾರು ಯಾರನ್ನು ಕ್ಷಮಿಸಬೇಕು ಅಂತ. ಜಪಸರ ಹೇಳುವ ಕಥೋಲಿಕರಿಗೂ ಇದೇ ಮಾತು. ಐದು ರಹಸ್ಯಗಳನ್ನೂ (ಯೇಸು, ಮರಿಯಳ ಬಾಳಿನ ಪ್ರಸಂಗಗಳು) ಓಡಿಸುವ ಬದಲು, ಹೊತ್ತಿಲ್ಲದ ದಿನ ಒಂದನ್ನೇ ತೆಗೆದುಕೊಂಡು ಆ ಪ್ರಸಂಗವನ್ನು ಕಣ್ಣ ಮುಂದೆ ತಂದುಕೊಂಡು ಹತ್ತು ನಮೋ ಮರಿಯಾ ಹೇಳಿ.

ಬೇರೆಯವರಿಗಾಗಿ ಪ್ರಾರ್ಥಿಸಲು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೆಸರುಗಳಿರಲಿ. ಸೋಮವಾರ ಮನೆಯವರು, ಮಂಗಳವಾರ ಕೆಲಸದ ಕಡೆಯವರು, ಹೀಗೆ ಹಂಚಿಕೊಳ್ಳಿ. ಎಲ್ಲರನ್ನೂ ದಿನಾ ನೆನೆಯಲು ಹೋದರೆ ಹಾಜರಿ ಕರೆದ ಹಾಗಾಗುತ್ತದೆ. ‘ನಿಮಗಾಗಿ ಪ್ರಾರ್ಥಿಸ್ತೀನಿ’ ಅಂತ ಯಾರಿಗಾದರೂ ಮಾತು ಕೊಟ್ಟರೆ ಅಲ್ಲೇ ನಿಂತು ಒಂದು ಸಾಲು ಪ್ರಾರ್ಥಿಸಿಬಿಡಿ. ಮನೆಗೆ ಬರುವಷ್ಟರಲ್ಲಿ ಮರೆತೇ ಹೋಗುತ್ತದೆ.

ಹೆಜ್ಜೆ 4: ಕೆಲಸದ ನಡುವೆ

ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಮೊದಲು ಸೈನಿಕರಾಗಿದ್ದವರು, ಕಾಲು ಕುಂಟಾಗಿತ್ತು. ಅಡುಗೆ ಕೆಲಸ ಅವರಿಗೆ ಇಷ್ಟವೇ ಇರಲಿಲ್ಲ. ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಗುಡಿಯಲ್ಲಿ ಮೊಣಕಾಲೂರಿದಾಗ ಇರುವಷ್ಟೇ ಹತ್ತಿರ ಅಡುಗೆಮನೆಯಲ್ಲೂ ದೇವರು ಇದ್ದಾರೆ ಅನ್ನುವುದು ಅವರ ಅನುಭವ.

ನಮಗೆ ಇದು ಒಂದೇ ದಿನಕ್ಕೆ ಬರುವುದಿಲ್ಲ. ದಿನದಲ್ಲಿ ಎರಡು ಗುರುತು ಇಟ್ಟುಕೊಳ್ಳಿ. ಮುದ್ದೆ ಕಟ್ಟಲು ಕೈ ಒದ್ದೆ ಮಾಡಿಕೊಳ್ಳುವಾಗ, ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ, ಕಂಪ್ಯೂಟರ್ ಆನ್ ಆಗುವ ಆ ಅರ್ಧ ನಿಮಿಷ. ಆ ಗುರುತು ಬಂದಾಗ ಒಂದು ಪುಟ್ಟ ಮಾತು. ಲೂಕ 18ರ ಸುಂಕದವನ ಪ್ರಾರ್ಥನೆ ಚಿಕ್ಕದು, ಬಾಯಲ್ಲಿ ನಿಲ್ಲುತ್ತದೆ: ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು.’ ಬಾಸ್ ಮುಂದೆ ಉತ್ತರ ಕೊಡಬೇಕಾದಾಗ ನೆಹೆಮೀಯನನ್ನು ನೆನೆಸಿಕೊಳ್ಳಿ. ಪರ್ಷಿಯಾದ ಅರಸ ಅವನನ್ನು ‘ನಿನಗೇನು ಬೇಕು’ ಅಂತ ಕೇಳಿದ. ನೆಹೆಮೀಯ ದೇವರಿಗೆ ಪ್ರಾರ್ಥಿಸಿ ಉತ್ತರ ಕೊಟ್ಟ. ಅರಸನ ಎದುರಿಗೇ ನಿಂತಿದ್ದವನಿಗೆ ಎಷ್ಟು ಹೊತ್ತು ಸಿಕ್ಕಿರಬಹುದು? ಉಸಿರು ಎಳೆದುಕೊಳ್ಳುವಷ್ಟು.

ಹೆಜ್ಜೆ 5: ಮಲಗುವ ಮುಂಚೆ ದಿನವನ್ನು ತಿರುಗಿ ನೋಡುವುದು

ಈ ಪಟ್ಟಿಯಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಯೇಸು ಸಭೆ ಎಂಬ ಸನ್ಯಾಸಿಗಳ ಸಂಘವನ್ನು (ಜೆಸ್ವಿಟರು) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟದ್ದು. 1521ರಲ್ಲಿ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಅವರು ತಮ್ಮ ಮನಸ್ಸಿನ ಏರಿಳಿತ ಗಮನಿಸಲು ಶುರು ಮಾಡಿದರು. ಯಾವ ಯೋಚನೆ ಆದ ಮೇಲೆ ಮನಸ್ಸು ಒಣಗುತ್ತದೆ, ಯಾವುದರ ನಂತರ ಸಮಾಧಾನ ಉಳಿಯುತ್ತದೆ ಅಂತ.

ಮಾಡುವ ರೀತಿ ಹೀಗೆ. ಹಾಸಿಗೆ ಮೇಲೆ ಕೂತು ಮೊದಲು ದೇವರಿಗೆ ವಂದನೆ ಹೇಳಿ, ಆವತ್ತಿನ ಒಂದು ನಿರ್ದಿಷ್ಟ ವಿಷಯಕ್ಕೆ. ‘ಎಲ್ಲದಕ್ಕೂ ವಂದನೆ’ ಅನ್ನಬೇಡಿ. ‘ಮಧ್ಯಾಹ್ನ ಬಸ್ಸಿನಲ್ಲಿ ಆ ಹುಡುಗ ಎದ್ದು ಸೀಟು ಕೊಟ್ಟ, ಅದಕ್ಕೆ’ ಅನ್ನಿ. ಆಮೇಲೆ ದಿನವನ್ನು ಸರಿಯಾಗಿ ನೋಡಲು ಬೆಳಕು ಕೊಡಿ ಅಂತ ಕೇಳಿ. ಬೆಳಿಗ್ಗೆಯಿಂದ ಒಂದೊಂದೇ ಗಂಟೆ ನೆನಪಿಗೆ ತಂದುಕೊಳ್ಳಿ. ತಿಂಡಿ ಹೊತ್ತಿನಲ್ಲಿ ಅತ್ತೆ ಏನೋ ಅಂದರು, ನಾನು ತಟ್ಟೆ ಕುಕ್ಕಿದೆ. ತರಕಾರಿಯವಳಿಗೆ ಐದು ರೂಪಾಯಿಗೆ ಜಗಳ ಆಡಿದೆ. ಸಂಜೆ ಪಕ್ಕದ ಮನೆ ಅಜ್ಜಿ ಮಾತಿಗೆ ಕರೆದರು, ಹತ್ತು ನಿಮಿಷ ಕೂತೆ, ಅವರ ಮುಖ ಅರಳಿತು. ಎಲ್ಲಿ ದೇವರ ಹತ್ತಿರ ಇದ್ದೆ, ಎಲ್ಲಿ ದೂರ ಹೋದೆ ಅಂತ ತಾನೇ ಕಾಣುತ್ತದೆ. ತಪ್ಪಿದ್ದಕ್ಕೆ ಕ್ಷಮೆ ಕೇಳಿ. ಕೊನೆಗೆ ನಾಳೆ ಏನಿದೆ ಅಂತ ನೋಡಿ, ಎಲ್ಲಿ ಮತ್ತೆ ಮುಗ್ಗರಿಸಬಹುದು ಅಂತ ಗೊತ್ತಿರುತ್ತದಲ್ಲ, ಆ ಜಾಗಕ್ಕೆ ಸಹಾಯ ಕೇಳಿ. ನಾಳೆಯೂ ಅದೇ ಅತ್ತೆ, ಅದೇ ತಿಂಡಿ.

ಹತ್ತು ನಿಮಿಷದೊಳಗೆ ಮುಗಿಸಿ. ತಪ್ಪುಗಳನ್ನೇ ಎಣಿಸುತ್ತಾ ಕೂತರೆ ನಿದ್ದೆ ಹಾಳು. ಕೆಲವು ವಾರ ಮಾಡಿದ ಮೇಲೆ ಒಂದೇ ವಿಷಯ ಮತ್ತೆ ಮತ್ತೆ ಬರುವುದು ಕಾಣುತ್ತದೆ. ಕಥೋಲಿಕರಿಗೆ ಪಾಪನಿವೇದನೆಗೆ ಹೋಗುವ ಮುಂಚಿನ ತಯಾರಿ ಇದರಲ್ಲೇ ಆಗಿಹೋಗುತ್ತದೆ. ‘ಫಾದರ್, ಸುಳ್ಳು ಹೇಳಿದೆ, ಸಿಟ್ಟು ಮಾಡಿಕೊಂಡೆ’ ಅಂತ ಪ್ರತಿ ಸಲ ಅದೇ ಪಟ್ಟಿ ಒಪ್ಪಿಸುವುದು ತಪ್ಪುತ್ತದೆ. ಯಾರ ಹತ್ತಿರ, ಯಾಕೆ ಅಂತ ಗೊತ್ತಿರುತ್ತದೆ.

ಹೆಜ್ಜೆ 6: ಮನೆ ಪ್ರಾರ್ಥನೆ

ಧಾರಾವಾಹಿ ಶುರುವಾಗುವ ಮುಂಚೆ ಮಾಡಿ. ನಗಬೇಡಿ, ಧಾರಾವಾಹಿ ಮುಗಿದ ಮೇಲೆ ಅಂದರೆ ಒಬ್ಬರೂ ಎಚ್ಚರ ಇರುವುದಿಲ್ಲ. ಒಂದು ಕೀರ್ತನೆ ಹಾಡಿ, ಏಳೆಂಟು ವಚನ ಓದಿ, ಪ್ರತಿಯೊಬ್ಬರೂ ಒಂದೊಂದು ಸಾಲು ಪ್ರಾರ್ಥಿಸಿ. ಮಕ್ಕಳು ‘ನಾಳೆ ಟೆಸ್ಟ್ ಈಸಿ ಇರಲಿ’ ಅಂದರೆ ತಿದ್ದಲು ಹೋಗಬೇಡಿ. ಮನೆ ಪ್ರಾರ್ಥನೆಯಲ್ಲಿ ಅಪ್ಪ ಬೋಧನೆ ಶುರು ಮಾಡಿದರೆ ಮಕ್ಕಳು ಮಾರನೇ ದಿನದಿಂದ ಹೋಂವರ್ಕ್ ನೆಪ ಹೇಳುತ್ತಾರೆ. ಹತ್ತು ಹನ್ನೆರಡು ನಿಮಿಷ ದಾಟದಿರಲಿ.

ನಮ್ಮ ಕಡೆ ಒಂದೇ ಮನೆಯಲ್ಲಿ ಬೇರೆ ಬೇರೆ ನಂಬಿಕೆಯವರು ಇರುವುದೂ ಉಂಟು. ಗಂಡ ಬರುವುದಿಲ್ಲ, ಅತ್ತೆ ಮಾವ ಒಪ್ಪುವುದಿಲ್ಲ ಅನ್ನುವ ಸೊಸೆಯಂದಿರಿದ್ದಾರೆ. ಒತ್ತಾಯ ಬೇಡ, ವಾದವೂ ಬೇಡ. ಮೊದಲ ಮೂರು ಹೆಜ್ಜೆಗೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ಹೆಜ್ಜೆ 7: ಚರ್ಚು, ವಾರದ ಉಳಿದ ದಿನ ಕೂಡ

ಭಾನುವಾರದ ಸುವಾರ್ತೆ ಯಾವುದು ಅಂತ ಶನಿವಾರ ರಾತ್ರಿಯೇ ತಿಳಿದು ಓದಿಕೊಂಡು ಹೋಗಿ. ಇಷ್ಟೇ ಮಾಡಿದರೂ ಪ್ರಸಂಗ ಕೇಳುವ ಕಿವಿ ಬದಲಾಗುತ್ತದೆ. ಬಲಿಪೂಜೆಗೋ ಕರ್ತರ ಭೋಜನಕ್ಕೋ ಹೋಗುವವರು ಮತ್ತಾಯ 5ರ ಮಾತು ನೆನಪಿಟ್ಟುಕೊಳ್ಳಿ: ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡಿಕೋ. ಬದು ಜಗಳ ಇಲ್ಲಿಗೂ ಬಂತು ನೋಡಿ.

ವಾರದ ದಿನವೂ ಒಮ್ಮೆ ಚರ್ಚಿಗೆ ಹೋಗಿ ಸುಮ್ನೆ ಕೂತು ಬನ್ನಿ. ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚು ಅಂದರೆ ಪ್ರವಾಸಿಗರ ಸೆಲ್ಫಿ ಗದ್ದಲ ಅನ್ನುವವರು ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ ನೋಡಲಿ. ಆ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಒಂದು ಚರ್ಚು ಕಟ್ಟಿದರು. ಈಗಿನ ಕಟ್ಟಡಕ್ಕೆ 1933ರ ಅಕ್ಟೋಬರಿನಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿಯವರು. 175 ಅಡಿ ಎತ್ತರದ ಜೋಡಿ ಗೋಪುರ ನೋಡಿ ವಾಪಸು ಬರುವವರೇ ಜಾಸ್ತಿ. ಕೆಳಗಿನ ನೆಲಮಾಳಿಗೆಯಲ್ಲಿ ಸಂತಳ ಮೂರ್ತಿಯ ಮುಂದೆ ಒಂದು ಕ್ಷಣ ನಿಂತು ಬನ್ನಿ.

ವರ್ಷಕ್ಕೊಮ್ಮೆ ಹತ್ತಿರದ ಯಾತ್ರೆಯೂ ಒಳ್ಳೆಯದು. ಕೆ.ಆರ್. ನಗರದ ಕಡೆಯ ದೋರನಹಳ್ಳಿಯ ಸಂತ ಅಂತೋಣಿಯವರ ಜಾತ್ರೆ ಜೂನ್ 13ಕ್ಕೆ. ಹೊಲ ಉಳುವಾಗ ರೈತನಿಗೆ ಮೂರ್ತಿ ಸಿಕ್ಕಿತು ಅನ್ನುವುದು ಅಲ್ಲಿನ ಕಥೆ. ಎಲ್ಲ ಜಾತಿ, ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಗದ್ದಲ ಬೇಡ ಅನ್ನುವವರಿಗೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಚರ್ಚು ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಈ ಸೀಮೆಗೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ. ನಮ್ಮವರ ಹಾಗೇ ಉಡುಗೆ, ನಮ್ಮವರ ಹಾಗೇ ಊಟ. ಜನ ಅವರನ್ನು ದೊಡ್ಡಸ್ವಾಮಿ ಅಂತ ಕರೆದರು.

ಹೆಜ್ಜೆ 8: ಉಪವಾಸ, ದಾನ

ಚಿಕ್ಕದಾಗಿ ಹೇಳುತ್ತೇನೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟು ಅದರ ಬದಲು ಸಿಹಿ ಜಾಸ್ತಿ ತಿಂದರೆ ಉಪವಾಸ ಆಗಲಿಲ್ಲ. ಯೆಶಾಯ 58ರಲ್ಲಿ ದೇವರು ಮೆಚ್ಚುವ ಉಪವಾಸ ಯಾವುದು ಅಂತ ಸ್ಪಷ್ಟವಾಗಿದೆ: ಹಸಿದವನಿಗೆ ನಿನ್ನ ಅನ್ನ ಹಂಚುವುದು. ಬಿಟ್ಟ ಊಟದ ದುಡ್ಡು ಎತ್ತಿಟ್ಟು ಯಾರಿಗಾದರೂ ತಲುಪಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆಯ ಹೊರಗೆ ಹಳ್ಳಿಗಳಿಂದ ರೋಗಿಗಳ ಜೊತೆ ಬಂದವರು ಊಟಕ್ಕೆ ಪರದಾಡುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೇ ಊಟ ಬಿಡಬೇಡಿ. ಮೊಬೈಲ್ ಬಿಡಿ, ಚಾಡಿ ಬಿಡಿ. ಅವೆರಡು ಊಟಕ್ಕಿಂತ ಕಷ್ಟ.

ಬತ್ತಿದ ದಿನಗಳಲ್ಲಿ

ಎರಡು ಮೂರು ತಿಂಗಳು ಚೆನ್ನಾಗಿ ನಡೆದು, ಒಂದು ದಿನ ಎಲ್ಲ ಬತ್ತಿದ ಹಾಗಾಗುತ್ತದೆ. ಓದಿದ್ದು ತಲೆಗೆ ಹೋಗುವುದಿಲ್ಲ, ಪ್ರಾರ್ಥನೆ ಚಾವಣಿಗೆ ತಾಗಿ ಕೆಳಗೆ ಬಿದ್ದ ಹಾಗೆ ಅನ್ನಿಸುತ್ತದೆ. ‘ನಿಮ್ಮ ನಂಬಿಕೆಯಲ್ಲಿ ಕೊರತೆ ಇದೆ’ ಅಂತ ಹೇಳುವವರು ಆಗ ತಪ್ಪದೇ ಸಿಗುತ್ತಾರೆ. ಅವರ ಮಾತಿಗೆ ಕಿವಿ ಕೊಡಬೇಡಿ. ಇಂಥ ಪ್ರಾರ್ಥನೆಗೆ ಇಷ್ಟು ಕಾಣಿಕೆ ಅಂತ ರೇಟು ಹೇಳುವವರ ಕಡೆಗಂತೂ ಹೋಗಲೇಬೇಡಿ.

88ನೇ ಕೀರ್ತನೆ ಓದಿ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಭರವಸೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲಿನಿಂದ ಯಾರೂ ತೆಗೆದುಹಾಕಿಲ್ಲ. ಅಂಥ ದಿನ ನಿಮ್ಮ ಮಾತು ಹೊರಡದಿದ್ದರೆ ಅದನ್ನೇ ಓದಿ ಎದ್ದು ಹೋಗಿ. ಹತ್ತು ನಿಮಿಷ ಐದಾಗಲಿ, ಆದರೆ ಅದೇ ಜಾಗ, ಅದೇ ಹೊತ್ತು.

ಮೈಯನ್ನೂ ನೋಡಿಕೊಳ್ಳಿ. ಪ್ರವಾದಿ ಎಲೀಯ ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂತ ಗಿಡದ ಕೆಳಗೆ ಬಿದ್ದಾಗ ದೇವದೂತ ಬಂದು ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ತಟ್ಟಿ ಎಬ್ಬಿಸಿದ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಹಾಗೇ ಊಟಕ್ಕೆ ಎಬ್ಬಿಸಿದ. ದೇವರ ಜೊತೆಗಿನ ಮಾತು ಆಮೇಲೆ. ನಿದ್ದೆ, ಹಸಿವು, ಕೆಲಸದ ಮೇಲಿನ ಆಸಕ್ತಿ ವಾರಗಟ್ಟಲೆ ಹೋಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಮಾತ್ರೆ ತೆಗೆದುಕೊಳ್ಳುವುದು ನಂಬಿಕೆ ಇಲ್ಲದ್ದರ ಗುರುತಲ್ಲ.

ಜೊತೆಗೊಬ್ಬರು

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಜನ ಚರ್ಚು ಕಟ್ಟಿದ ಸಾಲ ತೀರಿಸಲು ಹನ್ನೆರಡು ಜನರ ಗುಂಪು ಮಾಡಿ ವಾರಕ್ಕೆ ಒಬ್ಬರಿಂದ ಒಂದು ಪೆನ್ನಿ ಎತ್ತಲು ಶುರು ಮಾಡಿದರು. ಚಂದಾ ಎತ್ತಲು ಮನೆಮನೆಗೆ ಹೋದವರಿಗೆ ಜನರ ಕಷ್ಟ ಸುಖ ಕಣ್ಣಿಗೆ ಬಿತ್ತು. ಚಂದಾ ಗುಂಪೇ ಪ್ರಾರ್ಥನೆಯ ಗುಂಪಾಯಿತು. ಮೈಸೂರಿನ ವೆಸ್ಲಿ ಚರ್ಚಿನ ಹೆಸರಿನಲ್ಲಿರುವುದು ಇದೇ ಜಾನ್ ವೆಸ್ಲಿ.

ಹನ್ನೆರಡು ಜನ ಬೇಡ, ಒಬ್ಬರು ಸಾಕು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಆದರೆ ಮಾತು ಸಲೀಸು. ಗುಟ್ಟು ಉಳಿಸಿಕೊಳ್ಳುವವರಾಗಿರಬೇಕು, ಇದು ಮುಖ್ಯ. ನಮ್ಮ ಸಭೆಗಳಲ್ಲಿ ‘ಅವರಿಗಾಗಿ ಪ್ರಾರ್ಥಿಸಿ’ ಅನ್ನುವ ನೆಪದಲ್ಲೇ ಊರಿಗೆಲ್ಲ ಸುದ್ದಿ ಹರಡುವುದು ನಿಮಗೆ ಗೊತ್ತೇ ಇದೆ. ಹದಿನೈದು ದಿನಕ್ಕೊಮ್ಮೆ ಸಿಕ್ಕಿ. ಟೀ ಅಂಗಡಿಯಾದರೂ ಆದೀತು. ನೋಟ್‌ಬುಕ್ಕಿನಲ್ಲಿ ಬರೆದ ಒಂದು ಸಾಲು ಓದಿ ಹೇಳಿ, ಎಲ್ಲಿ ನಿಂತುಹೋಯಿತು ಅಂತ ಹೇಳಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ. ಇಂಥವರು ಯಾರೂ ಸಿಗದಿದ್ದರೆ ನಿಮ್ಮ ಅಯ್ಯನವರನ್ನೋ ಫಾದರನ್ನೋ ಕೇಳಿ. ಇಂಥದ್ದನ್ನೇ ಹುಡುಕುತ್ತಿರುವ ಇನ್ನೊಬ್ಬರು ಯಾರು ಅಂತ ಅವರಿಗೆ ಗೊತ್ತಿರುತ್ತದೆ.

ಮಾರ್ಕ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಲೂಕ ಹಿಡಿಯಿರಿ. ಇಪ್ಪತ್ತನಾಲ್ಕು ಅಧ್ಯಾಯ, ಹೆಂಗಸರ, ಬಡವರ, ಊಟದ ಮನೆಗಳ ಕಥೆಗಳು ಅದರಲ್ಲಿ ಜಾಸ್ತಿ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಶುರು ಮಾಡಿದರೆ ಮೊದಲ ಎರಡು ಅಧ್ಯಾಯ ಕ್ರಿಸ್‌ಮಸ್ ಹೊತ್ತಿಗೆ ಸರಿಯಾಗಿ ಕೂಡಿ ಬರುತ್ತವೆ.